ತರಗತಿಗೊಂದು ಜಾಲತಾಣ: ಕಟ್ಟುವ ಮತ್ತು ನಡೆಸಿಕೊಂಡು ಹೋಗುವ ಬಗೆ

ನಮ್ಮ ಪ್ರೌಢಶಾಲೆಗಳ ಬಹುತೇಕ ಶಿಕ್ಷಕರು ಟಿಪ್ಪಣಿ, ಮಾದರಿ ಪ್ರಶ್ನೆಪತ್ರಿಕೆ, ಸೂಚನೆಗಳನ್ನೆಲ್ಲ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅವು ಆ ದಿನದ ಮಟ್ಟಿಗೆ ತಲುಪುತ್ತವೆ. ಆದರೆ ಜೂನ್ ತಿಂಗಳಲ್ಲಿ ಕಳುಹಿಸಿದ ಟಿಪ್ಪಣಿಯನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ಹುಡುಕುವ ವಿದ್ಯಾರ್ಥಿಗೆ ಅದು ನೂರಾರು ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಇಟ್ಟದ್ದು ಇಟ್ಟ ಜಾಗದಲ್ಲೇ ಸಿಗಬೇಕು ಎಂಬುದೊಂದೇ ತರಗತಿಯ ಜಾಲತಾಣಕ್ಕೆ ಸಾಕಷ್ಟು ಕಾರಣ.

ಕೋಡಿಂಗ್ ಬಾರದವರಿಗೆ, ಜಾಲತಾಣ ಕಟ್ಟಲು ಗೂಗಲ್ ಒದಗಿಸುವ ಗೂಗಲ್ ಸೈಟ್ಸ್ ಎಂಬ ಸೇವೆ ಅನುಕೂಲಕರವಾಗಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಸ್ವಂತ ಜಿಮೇಲ್ ಖಾತೆಯನ್ನು ಬಳಸದೆ, ಮುಖ್ಯ ಶಿಕ್ಷಕರ ಗಮನಕ್ಕೆ ತಂದು ತರಗತಿಗಾಗಿಯೇ ಪ್ರತ್ಯೇಕ ಖಾತೆಯೊಂದನ್ನು ತೆರೆಯಿರಿ. ಉಚಿತ ಖಾತೆಯ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್ (ಕಡತಗಳನ್ನು ಇಡುವ ಜಾಗ) ಮತ್ತು ಫೋಟೋಸ್ ಹಂಚಿಕೊಳ್ಳುವುದರಿಂದ, ಪಾಠದ ವಿಡಿಯೊಗಳನ್ನು ಯೂಟ್ಯೂಬ್‌ಗೆ ಏರಿಸಿ ತಾಣದಲ್ಲಿ ಕೊಂಡಿಯನ್ನಷ್ಟೇ ಕೊಡುವುದು ಲೇಸು.

ಆರಂಭದಲ್ಲಿ ಮೂರು ಪುಟಗಳು ಸಾಕು: ಸೂಚನೆಗಳು, ಪಾಠಗಳು, ಪರೀಕ್ಷೆ. ಪಾಠಗಳ ಪುಟವನ್ನು ಪಠ್ಯಪುಸ್ತಕದ ಅಧ್ಯಾಯಗಳ ಕ್ರಮದಲ್ಲೇ ಜೋಡಿಸಬೇಕು, ಏಕೆಂದರೆ ನೀವು ಅದನ್ನು ಯಾವ ದಿನ ಹಾಕಿದಿರಿ ಎಂಬುದು ಮಕ್ಕಳಿಗೆ ನೆನಪಿರುವುದಿಲ್ಲ, ಅಧ್ಯಾಯದ ಹೆಸರು ನೆನಪಿರುತ್ತದೆ. ಪಠ್ಯಪುಸ್ತಕದ ಪಿಡಿಎಫ್‌ಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿಯೇ ಒದಗಿಸಲಾಗಿದೆ. ಅವುಗಳ ನಕಲನ್ನು ಏರಿಸುವ ಬದಲು ಆ ತಾಣದ ಕೊಂಡಿಯನ್ನು ಕೊಡಿ.

ಕನ್ನಡ ಮಾಧ್ಯಮದ ಶಿಕ್ಷಕರು ಎಡವುವ ಜಾಗವೊಂದಿದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಯನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂಥ ಕಡತವನ್ನು ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ವ್ಯವಸ್ಥೆ) ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಪರಿಶೀಲಿಸಿ, ಅನಂತರ ಅಂಟಿಸಬೇಕು. ಪರಿವರ್ತನೆಗೆ ಸಮಯವಿಲ್ಲದಿದ್ದರೆ ಪಿಡಿಎಫ್ ಮಾಡಿ ಏರಿಸಬಹುದು. ಆದರೆ ಅದರೊಳಗಿನ ಕನ್ನಡ ಪದಗಳನ್ನು ಹುಡುಕಲು ಸಾಧ್ಯವಾಗುವುದಿಲ್ಲ.

ಡ್ರೈವ್‌ನಲ್ಲಿಟ್ಟ ಕಡತಕ್ಕೆ ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂಬ ಅನುಮತಿ ಕೊಡದಿದ್ದರೆ, ನಿಮಗೆ ಸಲೀಸಾಗಿ ತೆರೆದುಕೊಳ್ಳುವ ಟಿಪ್ಪಣಿ ಮಕ್ಕಳಿಗೆ ತೆರೆದುಕೊಳ್ಳುವುದಿಲ್ಲ. ತಿದ್ದುಪಡಿ ಮಾಡಿದ ಮೇಲೆ ಮತ್ತೆ ಪಬ್ಲಿಷ್ ಗುಂಡಿಯನ್ನು ಒತ್ತದಿದ್ದರೂ ಅವರಿಗೆ ಹಳೆಯ ಪುಟವೇ ಕಾಣುತ್ತದೆ. ಆದ್ದರಿಂದ ಪ್ರತಿ ಸಲವೂ ತರಗತಿಯ ಖಾತೆಗೆ ಲಾಗಿನ್ ಆಗಿರದ ಬೇರೊಂದು ಮೊಬೈಲ್‌ನಲ್ಲಿ ತಾಣವನ್ನು ತೆರೆದು ನೋಡಿ. ಅನೇಕ ಮನೆಗಳಲ್ಲಿರುವುದು ತಂದೆಯ ಒಂದೇ ಫೋನ್. ಅದು ಮಗುವಿನ ಕೈಗೆ ಸಿಗುವುದು ರಾತ್ರಿ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆ ಭಾರವಾದ ಚಿತ್ರಗಳು ತೆರೆದುಕೊಳ್ಳುವುದನ್ನು ಕಾಯುವುದರಲ್ಲೇ ಕಳೆಯಬಾರದು.

ಮಕ್ಕಳ ಭಾವಚಿತ್ರ, ಪೂರ್ಣ ಹೆಸರು ಮತ್ತು ಅಂಕಪಟ್ಟಿಗಳ ವಿಷಯದಲ್ಲಿ ರಾಜಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಪ್ರತಿಭಾ ಕಾರಂಜಿಯ ಫೋಟೋ ಹಾಕಲೇಬೇಕೆನಿಸಿದರೆ ಲಿಖಿತ ಒಪ್ಪಿಗೆ ಪಡೆಯಿರಿ, ಚಿತ್ರದ ಕೆಳಗೆ ಹೆಸರು ಬರೆಯಬೇಡಿ. ಅಂಕಗಳನ್ನಂತೂ ತಾಣದಲ್ಲಿ ಯಾವ ಕಾರಣಕ್ಕೂ ಪ್ರಕಟಿಸಕೂಡದು. ಕಡಿಮೆ ಅಂಕ ಪಡೆದ ಮಗುವಿನ ಹೆಸರನ್ನು ಊರಿಗೆಲ್ಲ ತೋರಿಸುವ ಹಕ್ಕು ಯಾವ ಶಿಕ್ಷಕರಿಗೂ ಇಲ್ಲ.

ಕಟ್ಟುವುದಕ್ಕೆ ಒಂದು ಮಧ್ಯಾಹ್ನ ಸಾಕು, ನಿಜವಾದ ಶ್ರಮವಿರುವುದು ನಿರ್ವಹಣೆಯಲ್ಲಿ. ಶನಿವಾರದ ಬೆಳಗಿನ ತರಗತಿಗಳು ಮುಗಿದ ನಂತರದ ಅರ್ಧ ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಮುಗಿದುಹೋದ ಸೂಚನೆಗಳನ್ನು ಅಳಿಸಿ, ಮುಂದಿನ ವಾರದ ಪಾಠವನ್ನು ಸೇರಿಸಿ, ಪುಟದ ನೆತ್ತಿಯಲ್ಲಿ ಪರಿಷ್ಕರಿಸಿದ ದಿನಾಂಕವನ್ನು ಬರೆಯಿರಿ. ಬಳಿಕ ಆ ಪುಟದ ಕೊಂಡಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ. ಬೇಸಿಗೆ ರಜೆಯಲ್ಲಿ ಇಡೀ ತಾಣದ ಒಂದು ನಕಲನ್ನು ಮಾಡಿಟ್ಟುಕೊಂಡು ಹೊಸ ವರ್ಷಕ್ಕೆ ಸಜ್ಜುಗೊಳಿಸಿ. ಸಹೋದ್ಯೋಗಿಯೊಬ್ಬರಿಗೆ ತಿದ್ದುವ ಅನುಮತಿಯನ್ನು ಮೊದಲ ದಿನವೇ ಕೊಟ್ಟಿರಿ. ವರ್ಗಾವಣೆ ಆದೇಶ ಬಂದಾಗ ಖಾತೆಯ ಪಾಸ್‌ವರ್ಡನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸಿ, ಮರುಪಡೆಯುವಿಕೆಗಾಗಿ ನೀಡಿದ್ದ ನಿಮ್ಮ ಮೊಬೈಲ್ ಸಂಖ್ಯೆಯನ್ನು ಬದಲಿಸಿ ಹೊರಡಿ.