ಖಾಲಿ ಚಿಪ್ಪಿನಿಂದ ಡಿಎನ್‌ಎ ತೆಗೆದ ಅನುಭವ

ಬಸವನಹುಳು ಸತ್ತು ಒಣಗಿದ ಖಾಲಿ ಚಿಪ್ಪಿನಲ್ಲಿ ಡಿಎನ್‌ಎ ಎಲ್ಲಿಂದ ಬರಬೇಕು ಎಂದು ನಕ್ಕವರೇ ಜಾಸ್ತಿ. ಈಗ ಅವರೇ ಪ್ರೋಟೊಕಾಲ್ (ಕೆಲಸದ ವಿಧಾನ) ಕೇಳುತ್ತಿದ್ದಾರೆ. ಸರಿ, ಬರೆದೇಬಿಡೋಣ.

ನನಗೆ ಧೈರ್ಯ ಕೊಟ್ಟದ್ದು ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಡಿಎನ್‌ಎ ಪ್ರತಿಗಳ ಲೆಕ್ಕ. ಕೋಶವೊಂದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು. ಬಿಸಿಲು ಮಳೆಗೆ ಬಹುಪಾಲು ಹಾಳಾದರೂ ಒಂದಿಷ್ಟು ಚೂರು ಉಳಿದಿರಲೇಬೇಕು ಅಲ್ವಾ? ಚೂರು ಎಂಬುದೇ ಇಲ್ಲಿ ಮುಖ್ಯ. ಫೋಲ್ಮರ್ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಣುಕು) ಹಾಕಿ, ಪ್ರಭೇದ ಗುರುತಿಸಲು ಬಳಸುವ ಮೈಟೊಕಾಂಡ್ರಿಯಾದ ಜೀನ್ ಸಿಓಐನ 658 ಬೇಸ್ (ಡಿಎನ್‌ಎಯ ಅಕ್ಷರ) ಒಂದೇ ಸಲಕ್ಕೆ ಕೇಳಿದರೆ ಜೆಲ್‌ನಲ್ಲಿ ಅಳತೆಗೆಂದು ಹಾಕಿದ ಲ್ಯಾಡರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನು ಬಿಟ್ಟು ಮೈಟೊಕಾಂಡ್ರಿಯಾದ ಇನ್ನೊಂದು ಜೀನ್ 16ಎಸ್ ಹಿಡಿದೆ. 150 ಬೇಸ್ ಆಸುಪಾಸಿನ ಮೂರು ತುಂಡು, ಅಂಚುಗಳು ಒಂದರ ಮೇಲೊಂದು ಬರುವಂತೆ. ಪ್ರೈಮರ್ ತುದಿಯಲ್ಲಿ ಏನು ಬದಲಿಸಿದೆ ಎಂಬುದನ್ನು ಪೇಪರ್ ಬರುವ ತನಕ ಹೇಳುವುದಿಲ್ಲ.

ಚಿಪ್ಪು ಪುಡಿ ಮಾಡಿ, ಇಡಿಟಿಎ ಎಂಬ ಲೋಹ ಹಿಡಿಯುವ ರಾಸಾಯನಿಕದಲ್ಲಿ ಸುಣ್ಣ ಕರಗಿಸಿ, ಪ್ರೊಟೀನ್ ಒಡೆಯುವ ಕಿಣ್ವ ಪ್ರೊಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಉಳಿದದ್ದು ಡಿಎನ್‌ಎ ಶುದ್ಧ ಮಾಡುವ ಮಾಮೂಲಿ ಸಿಲಿಕಾ ಕಾಲಮ್. ಇಡಿಟಿಎ ಚೆನ್ನಾಗಿ ತೊಳೆದು ಹೋಗಬೇಕು, ಇಲ್ಲದಿದ್ದರೆ ಪಿಸಿಆರ್‌ಗೆ (ಡಿಎನ್‌ಎ ನಕಲು ಮಾಡುವ ಹಂತ) ಬೇಕಾದ ಮೆಗ್ನೀಸಿಯಂ ಅದರ ಪಾಲಾಗುತ್ತದೆ.

ದುಡ್ಡು ತಿಂದದ್ದು ಸಿಕ್ವೆನ್ಸಿಂಗ್, ಅಂದರೆ ಬೇಸ್‌ಗಳ ಸಾಲನ್ನು ಓದಿಸುವುದು. ಮೂರು ತುಂಡು, ಎರಡೂ ದಿಕ್ಕು: ಒಂದು ಚಿಪ್ಪಿಗೆ ಆರು ರೀಡ್. ಒಟ್ಟು ಖರ್ಚಿನ ಮುಕ್ಕಾಲು ಭಾಗ ಅಲ್ಲಿಗೇ ಹೋಗಿರಬೇಕು. ಮೇಲಾಗಿ ರೀಡಿನ ಮೊದಲ ಮೂವತ್ತು ನಲವತ್ತು ಬೇಸ್ ಕಲಸಿಹೋಗಿರುತ್ತವೆ. ತುಂಡೇ ಚಿಕ್ಕದಿರುವಾಗ ಇದು ದೊಡ್ಡ ನಷ್ಟ. ಪ್ರೈಮರಿಗೆ ಎಂ13 ಬಾಲ (ಓದು ಶುರುವಾಗಲು ಸೇರಿಸುವ ಹೆಚ್ಚುವರಿ ತುಣುಕು) ಸೇರಿಸಿದ ಮೇಲೆ ಆ ಕಾಟ ತಪ್ಪಿತು. ಆಮೇಲೆ ಮೊದಲ ತುಂಡು ಬಂದ ಚಿಪ್ಪುಗಳನ್ನಷ್ಟೇ ಮುಂದಕ್ಕೆ ಕಳಿಸಿದೆ. ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿಯಿತು.

ಒಮ್ಮೆ ಚಿಪ್ಪೇ ಹಾಕದ ಬ್ಲ್ಯಾಂಕಿನಲ್ಲೂ ಡಿಎನ್‌ಎಯ ಬ್ಯಾಂಡ್ ಬಂತು, ಅದೂ ಸೊಗಸಾಗಿ. ಪಕ್ಕದ ಬೆಂಚಿನಲ್ಲಿ ಯಾರೋ ಪಿಸಿಆರ್ ಟ್ಯೂಬ್ ತೆರೆಯುತ್ತಿದ್ದರು. ಇಡೀ ಬ್ಯಾಚ್ ಕಸದ ಬುಟ್ಟಿಗೆ. ಅಂದಿನಿಂದ ಚಿಪ್ಪಿನ ಕೆಲಸಕ್ಕೆ ಬೇರೆ ಕೋಣೆ, ಬೇರೆ ಪಿಪೆಟ್.

ನಡುವೆ ಸುಮ್ನೆ ಕುತೂಹಲಕ್ಕೆ, ಜೀವಂತ ಹುಳುವಿನ ಲೋಳೆಯನ್ನು ಫಿಲ್ಟರ್ ಪೇಪರಿಗೆ ಒತ್ತಿ ನೋಡಿದೆ. ಲೋಳೆಯ ಸಕ್ಕರೆ ಸರಪಳಿಗಳು ನಕಲು ಮಾಡುವ ಕಿಣ್ವ ಪಾಲಿಮರೇಸನ್ನು ತಡೆಯುತ್ತವೆ. ಹತ್ತು ಪಟ್ಟು ತೆಳು ಮಾಡಿ ಬಿಎಸ್‌ಎ (ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೊಟೀನ್) ಸೇರಿಸಿದರೆ ಪೂರ್ತಿ ಸಿಓಐ ಬರುತ್ತದೆ. ಹುಳುವನ್ನು ಕೊಲ್ಲಬೇಕಾಗಿಲ್ಲ.

ಫಲಿತಾಂಶ? ನೋಡಲು ಒಂದೇ ಥರ ಇದ್ದ ಚಿಪ್ಪುಗಳು 16ಎಸ್‌ನಲ್ಲಿ ಎರಡು ಗುಂಪಾದವು. ವ್ಯತ್ಯಾಸ ಸುಮಾರು ಎಂಟು ಪರ್ಸೆಂಟ್. ಹೊಸ ಪ್ರಭೇದ ಎಂದು ಗೆಳೆಯರು ಕುಣಿದರು. ನಾನು ಒಪ್ಪಲಿಲ್ಲ. ನೆಲದ ಬಸವನಹುಳುಗಳಲ್ಲಿ ಮೈಟೊಕಾಂಡ್ರಿಯಾ ಬೇಗ ಬದಲಾಗುತ್ತದೆ. ಯುರೋಪಿನ ನೆಲದ ಬಸವನಹುಳು ಸೆಪಿಯಾ ನೆಮೊರಾಲಿಸ್‌ನಲ್ಲಿ (Cepaea nemoralis) ಪ್ರಭೇದದ ಒಳಗೇ ಹತ್ತು ಪರ್ಸೆಂಟ್ ದಾಟುವುದುಂಟು. ಮೈಟೊಕಾಂಡ್ರಿಯಾ ತಾಯಿಯಿಂದ ಬರುವುದರಿಂದ ಅದೂ ತಾಯಿಯ ಕಡೆಯ ಕಥೆ ಮಾತ್ರ. ಎರಡೂ ಗುಂಪು ಕೂಡಿ ಬದುಕುವ ಜಾಗದ ಹುಳುಗಳ ಲೋಳೆಯಿಂದ ತಂದೆ ತಾಯಿ ಇಬ್ಬರಿಂದಲೂ ಬರುವ ನ್ಯೂಕ್ಲಿಯರ್ ಜೀನ್‌ಗಳನ್ನು ನೋಡಿದರೆ ಆ ಗೆರೆ ಕಾಣಲೇ ಇಲ್ಲ. ಹೆಸರಿಡುವ ಮಾತು ಸದ್ಯಕ್ಕೆ ಬೇಡ. ಈಗ ಮ್ಯೂಸಿಯಂ ಡ್ರಾಯರ್‌ಗಳ ಹಳೇ ಚಿಪ್ಪುಗಳಿಗೆ ಕೈ ಹಾಕಿದ್ದೇನೆ.