ಪಂಪ್ ತಡೆದಾಗ ಮಾಸ್ಟ್ ಕೋಶದಲ್ಲಿ ಕಂಡದ್ದು

ಅಯಾನುಗಳನ್ನು ಪೊರೆಯಾಚೆ ಸಾಗಿಸುವ ಪಂಪನ್ನು ತಡೆದರೆ, ಅಲರ್ಜಿಯಲ್ಲಿ ಪಾತ್ರವಹಿಸುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆಯೇ ಎಂದು ಪರೀಕ್ಷಿಸಲು ಹೊರಟಾಗ, ಯಾವ ಪಂಪ್ ಎಂಬುದನ್ನೇ ನಾನು ಮೊದಲು ತೀರ್ಮಾನಿಸಬೇಕಾಯಿತು. ಇಲಿಯ ಸೋಡಿಯಂ-ಪೊಟ್ಯಾಸಿಯಂ ಪಂಪ್, ಅಂಥ ಪಂಪನ್ನು ತಡೆಯುವ ಔಷಧವಾದ ಊವಾಬೈನ್‌ಗೆ ಸುಲಭವಾಗಿ ಮಣಿಯುವುದಿಲ್ಲ. ಆದ್ದರಿಂದ ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಕ್ಯಾಲ್ಸಿಯಂ ತುಂಬುವ ಪಂಪನ್ನು ಆರಿಸಿಕೊಂಡು, ಅದನ್ನು ಥಾಪ್ಸಿಗಾರ್ಗಿನ್‌ನಿಂದ ತಡೆದೆ.

ಇಲಿಯ ಉದರಾವರಣ ಕುಹರದಿಂದ ತೆಗೆದ ಕೋಶಗಳನ್ನು, ಸಾಂದ್ರತೆಯ ಆಧಾರದಲ್ಲಿ ಬೇರ್ಪಡಿಸುವ ದ್ರವವಾದ ಪರ್ಕಾಲ್‌ನಲ್ಲಿ ಶುದ್ಧೀಕರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಹೊರಬಂದ ಹಿಸ್ಟಮಿನ್ನನ್ನು ಆರ್ಥೋ-ಥಾಲಾಲ್ಡಿಹೈಡ್‌ನೊಂದಿಗೆ ಸೇರಿಸಿ, ಅವೆರಡೂ ಕೂಡಿದಾಗ ಹೊಮ್ಮುವ ಬೆಳಕಿನಿಂದ (ಪ್ರತಿದೀಪ್ತಿಯಿಂದ) ಅಳೆದೆ. ಥಾಪ್ಸಿಗಾರ್ಗಿನ್ ಔಷಧವನ್ನು ಕರಗಿಸಲು ಬಳಸಿದ ಡಿಎಂಎಸ್ಒ ದ್ರಾವಕವನ್ನು ಮಾತ್ರ ಹಾಕಿದ ನಳಿಕೆ ಹೋಲಿಕೆಗಾಗಿ ಪ್ರತಿ ಸಲವೂ ಜೊತೆಗಿತ್ತು.

ಮೊದಲ ಸುತ್ತುಗಳಲ್ಲಿ ನಾನು ದಾರಿ ತಪ್ಪಿದೆ. ಕ್ಯಾಲ್ಸಿಯಂ ಸೇರಿಸದ ಬಫರ್‌ನಲ್ಲಿಯೂ ಹಿಸ್ಟಮಿನ್ ಗಣನೀಯವಾಗಿ ಬಂದದ್ದನ್ನು ಕಂಡು, ಕೋಶದೊಳಗಿನ ದಾಸ್ತಾನು ಸೋರಿದ್ದೇ ಸಾಕಾಗಿರಬೇಕೆಂದು ನಂಬಿದ್ದೆ. ಆದರೆ ಕ್ಯಾಲ್ಸಿಯಂ ಸೇರಿಸಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಕ್ಯಾಲ್ಸಿಯಂ ಇಲ್ಲವೆಂದಲ್ಲ. ನೀರು, ಗಾಜು, ಲವಣಗಳಿಂದ ಬರುವ ಅಲ್ಪ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲ್ಸಿಯಂಗೆ ಅಂಟಿಕೊಳ್ಳುವ ಇಜಿಟಿಎ ಎಂಬ ರಾಸಾಯನಿಕ ಹಾಕಿ ಅದನ್ನೂ ಹಿಡಿದಿಟ್ಟ ಮೇಲೆ ಬಿಡುಗಡೆ ಬಹುತೇಕ ತಾನಾಗಿ ಸೋರುವ ಮಟ್ಟಕ್ಕೆ ಇಳಿಯಿತು.

ಅನಂತರದ ಪ್ರಯೋಗ ನನಗೆ ಅತ್ಯಂತ ಮುಖ್ಯವಾದದ್ದು. ಇಜಿಟಿಎ ಇರುವಾಗಲೇ ಪಂಪನ್ನು ತಡೆದು, ಕೆಲವು ನಿಮಿಷ ಕಾದು, ಆಮೇಲೆ ಇಜಿಟಿಎ ಹಿಡಿಯುವುದಕ್ಕಿಂತ ಹೆಚ್ಚಾಗುವಷ್ಟು ಕ್ಯಾಲ್ಸಿಯಂ ಸೇರಿಸಿದಾಗ ಹಿಸ್ಟಮಿನ್ ಒಮ್ಮೆಲೇ ಏರಿತು. ತುಂಬುವ ಪಂಪ್ ನಿಂತು ಸೋರಿಕೆ ಮುಂದುವರಿದಾಗ ದಾಸ್ತಾನು ಬರಿದಾಗುತ್ತದೆ. ದಾಸ್ತಾನಿನ ಪೊರೆಯಲ್ಲಿರುವ ಸ್ಟಿಮ್1 ಎಂಬ ಪ್ರೋಟೀನು ಅದನ್ನು ಗ್ರಹಿಸಿ ಹೊರಪೊರೆಯ ಒರಾಯ್1 ಎಂಬ ಕ್ಯಾಲ್ಸಿಯಂ ನಾಳವನ್ನು ತೆರೆಸುತ್ತದೆ. ಆ ದಾರಿಯಾಗಿ ಒಳನುಗ್ಗುವ ಕ್ಯಾಲ್ಸಿಯಂ, ಹಿಸ್ಟಮಿನ್ ತುಂಬಿದ ಕಣಿಕೆಗಳನ್ನು ಪೊರೆಯೊಂದಿಗೆ ಬೆಸೆಯುತ್ತದೆ. ಪಂಪನ್ನು ತಡೆಯುವುದು ಬಾಗಿಲು ತೆರೆಸುವ ಕೆಲಸವಷ್ಟೇ ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಈ ಪ್ರಯೋಗದಿಂದ.

ಇದನ್ನು ಮಾಡಹೊರಡುವವರು ಇನ್ನೊಂದನ್ನು ಗಮನಿಸಬೇಕು. ಇಜಿಟಿಎ ಕ್ಯಾಲ್ಸಿಯಂ ಹಿಡಿಯುವಾಗ ಪ್ರೋಟಾನುಗಳನ್ನು ಬಿಡುವುದರಿಂದ ಪಿಎಚ್ ಇಳಿಯುತ್ತದೆ. ಪಿಎಚ್ ಸ್ಥಿರವಾಗಿಡುವ ಹೆಪೆಸ್ ಸಾಕಷ್ಟಿರಬೇಕು, ಇಲ್ಲವಾದರೆ ಕಂಡ ಬದಲಾವಣೆ ಕ್ಯಾಲ್ಸಿಯಂನದೋ ಆಮ್ಲತೆಯದೋ ಎಂದು ಹೇಳಲಾಗದು. ಸತ್ತ ಕೋಶವೂ ಹಿಸ್ಟಮಿನ್ ಚೆಲ್ಲುತ್ತದೆಯಾದ್ದರಿಂದ, ಪ್ರತಿ ಸುತ್ತಿನ ಕೊನೆಗೆ ಸತ್ತ ಕೋಶಗಳಿಗೆ ನೀಲಿ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಡಿ ನೋಡಿ, ನೀಲಿಯಾದ ಕೋಶಗಳು ಹೆಚ್ಚಿದ್ದ ನಳಿಕೆಗಳ ಅಂಕಿಗಳನ್ನು ನಾನು ಕೈಬಿಟ್ಟಿದ್ದೇನೆ.