ರಾಜೀನಾಮೆ ಪತ್ರಕ್ಕೆ ಸಹಿ ಹಾಕಲಿಲ್ಲ, ನೋಟಿಸ್ ತಿಂಗಳು ಪೂರ್ತಿ ದುಡಿದೆ

ತುಮಕೂರಿನ ವಸಂತನರಸಾಪುರದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಸಿಎನ್‌ಸಿ ಆಪರೇಟರ್ ಆಗಿದ್ದೆ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಓಡಿಸುತ್ತಿದ್ದೆ. 2023ರಲ್ಲಿ ಆರ್ಡರ್ ಇಲ್ಲ ಅಂತ ನಮ್ಮ ಲೈನಿನ ಕೆಲವರನ್ನು ತೆಗೆದರು. ಎಚ್‌ಆರ್ ಒಬ್ಬೊಬ್ಬರನ್ನೇ ಕರೆದು, ಮೊದಲೇ ಟೈಪ್ ಮಾಡಿಟ್ಟಿದ್ದ ಹಾಳೆ ಮುಂದಿಟ್ಟರು. 'ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ' ಅಂತಿತ್ತು. "ಸೈನ್ ಮಾಡಿಬಿಡಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಚೆನ್ನಾಗಿ ಕೊಡ್ತೀವಿ" ಅಂದರು.

"ಸರ್, ನಾನಾಗೇ ಬಿಡ್ತಾ ಇಲ್ಲ, ನೀವು ತೆಗೀತಾ ಇದ್ದೀರ. ಅದನ್ನೇ ಬರೆದುಕೊಡಿ" ಅಂದೆ.

ಹಟಕ್ಕೆ ಹೇಳಿದ್ದಲ್ಲ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ 25ಎಫ್ ಸೆಕ್ಷನ್ ಪ್ರಕಾರ, ಒಂದು ವರ್ಷ ಸರ್ವೀಸ್ ಆದ ಕಾರ್ಮಿಕನನ್ನು ತೆಗೆಯಬೇಕಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಒಂದು ತಿಂಗಳ ಸಂಬಳ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ರಾಜೀನಾಮೆ ಕೊಟ್ಟರೆ ಈ ಪರಿಹಾರ ಹೋಯಿತು, ಉಳಿಯೋದು ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಬರುವ ಇಡುಗಂಟು) ಮಾತ್ರ.

ನನ್ನ ಲೆಕ್ಕವನ್ನೇ ನೋಡಿ. ಸರ್ವೀಸ್ 7 ವರ್ಷ 8 ತಿಂಗಳು. ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು, ಹಾಗಾಗಿ 8. ಕೊನೆಯ ಮೂರು ತಿಂಗಳ ಸರಾಸರಿ ಸಂಬಳ 22,000, ಅದರ ಅರ್ಧ 11,000, ಎಂಟು ವರ್ಷಕ್ಕೆ 88,000. ಗ್ರಾಚ್ಯುಟಿ ಬೇರೆ. ಅದು ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ. ನನ್ನದು 15,600. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ 9,000, ಎಂಟು ವರ್ಷಕ್ಕೆ 72,000. ಪರಿಹಾರವನ್ನೂ ಬರೀ ಬೇಸಿಕ್ ಮೇಲೆ ಹಾಕಿಕೊಡಲು ನೋಡಿದರು. ಸ್ಯಾಲರಿ ಸ್ಲಿಪ್ ಹಿಡಿದುಕೊಂಡು ಕೂತು, ಅಲೊವೆನ್ಸೂ ಸೇರಬೇಕು ಅಂತ ಲಿಖಿತವಾಗಿ ಕೊಟ್ಟ ಮೇಲೆ ಸರಿ ಮಾಡಿದರು.

ಕೊನೆಗೆ ಒಂದು ತಿಂಗಳ ನೋಟಿಸ್ ಕೊಟ್ಟರು. ಆ ತಿಂಗಳಲ್ಲಿ ಮಷಿನ್ ಮುಂದೆ ನಿಲ್ಲೋದು ಕಷ್ಟವೇ, ಮನಸ್ಸು ಎಲ್ಲೋ ಇರುತ್ತೆ. ಆದರೂ ಪಂಚಿಂಗ್ ತಪ್ಪಿಸಲಿಲ್ಲ. ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕಾರವಾಗುವ ಪೀಸ್) ಜಾಸ್ತಿಯಾದರೆ ಅದನ್ನೇ ನೆಪ ಮಾಡಿ, ತಪ್ಪು ಹೊರಿಸಿ ಚಾರ್ಜ್‌ಶೀಟ್ ಕೊಡಬಹುದಲ್ವಾ? ಅದಕ್ಕೇ ಪ್ರತಿ ಶಿಫ್ಟಿನಲ್ಲೂ ಮೊದಲ ಪೀಸನ್ನು ವರ್ನಿಯರ್‌ನಲ್ಲಿ ಅಳೆದು, ಕ್ವಾಲಿಟಿಯವರ ಸಹಿ ಹಾಕಿಸಿಕೊಂಡೇ ಮುಂದಿನ ಪೀಸ್ ಹಾಕುತ್ತಿದ್ದೆ. ನಡುವೆ "ರಜೆ ಬಾಕಿ ಇದೆ, ನೋಟಿಸ್‌ಗೆ ಅಡ್ಜಸ್ಟ್ ಮಾಡ್ಕೊಂಡು ಬೇಗ ಹೊರಡಿ" ಅಂದರು. ಆಗಿದ್ದ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ಬಾಕಿ ರಜೆಯನ್ನು ನೋಟಿಸ್ ಅವಧಿಯಲ್ಲಿ ಸೇರಿಸುವ ಹಾಗಿರಲಿಲ್ಲ. ಆ ರಜೆಗೆ ದುಡ್ಡೇ ತಗೊಂಡೆ. ಪರಿಹಾರದ ಚೆಕ್ ಕೊನೆಯ ದಿನವೇ ಕೈಗೆ ಬರಬೇಕು, ಆಮೇಲೆ ಬನ್ನಿ ಅನ್ನೋ ಮಾತಿಗೆ ಒಪ್ಪಬೇಡಿ.

ಗ್ರಾಚ್ಯುಟಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 15 ದಿನದ ಪರಿಹಾರ ಹಾಗೇ ಇದೆ. ಅದರ ಮೇಲೆ ಹೊಸ ಕೆಲಸ ಕಲಿಯಲು ಇನ್ನೂ 15 ದಿನದ ಸಂಬಳ 45 ದಿನದೊಳಗೆ ನಮ್ಮ ಖಾತೆಗೆ ಹಾಕಬೇಕು ಅಂತಲೂ ಇದೆ.

ಹೊರಡುವಾಗ ನನ್ನ ವಿಳಾಸ, ಫೋನ್ ನಂಬರ್ ಬರೆದು ಕೊಟ್ಟು ಬಂದೆ. ಮತ್ತೆ ಆಳು ತಗೊಳ್ಳುವಾಗ ತೆಗೆದವರನ್ನೇ ಮೊದಲು ಕರೆಯಬೇಕು ಅಂತ ಕಾನೂನಿದೆ.